ರೆದೋನನ ದೇವದೂತನನ್ನು ಮನೆಗೆ ತರುವುದು ಹೇಗೆ: ಫೈಲ್ ಹುಡುಕುವುದರಿಂದ ಕಟ್ಟು ಹಾಕಿಸುವವರೆಗೆ

“ಓದಿಲೋನ್ ರೆದೋನನ ದೇವದೂತ, ಲಿಥೋಗ್ರಾಫ್, ಆರ್ಟ್ ಪ್ರಿಂಟ್ ಅಂತ ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ಇದು ಅಸಲಿಯೇ? ಕೊಳ್ಳಬಹುದೇ? ಇಲ್ಲೇ ಪ್ರಿಂಟ್ ಹಾಕಿಸಿಕೊಂಡರೆ ಸಾಲದೇ?” ಓದುಗರಿಂದ ಮೇಲಿಂದ ಮೇಲೆ ಬರುವ ಪ್ರಶ್ನೆ ಇದು. ಚುಟುಕಾಗಿ ಹೇಳುವುದಾದರೆ, ‘ಆರ್ಟ್ ಪ್ರಿಂಟ್’ ಎಂದು ಮಾರುವುದೆಲ್ಲ ಮರುಮುದ್ರಣ. ಅದಕ್ಕೆ ಬೇಕಾದ ಒಳ್ಳೆಯ ಫೈಲ್ ನಿಮಗೂ ಪುಕ್ಕಟೆ ಸಿಗುತ್ತದೆ. ಇಲ್ಲೇ ಮಾಡಿಸಿದರೆ ಸಾಲುವುದು ಮಾತ್ರವಲ್ಲ, ಹಲವು ಸಲ ಅದೇ ಚೆನ್ನಾಗಿ ಬರುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಕಪ್ಪಿನಲ್ಲಿ. ರೆದೋನನ ಚಿತ್ರದಲ್ಲಿ ಕಪ್ಪು ಬೂದಿಯಂತಾದರೆ ದೇವದೂತನೂ ಹೋದ, ಕತ್ತಲೆಯೂ ಹೋಯಿತು.

ಮೊದಲು ಯಾವ ಚಿತ್ರ ಎಂಬುದು ಖಚಿತವಾಗಲಿ. ರೆದೋನ್ (1840–1916) ಫ್ರಾನ್ಸಿನ ಬೋರ್ಡೋದಲ್ಲಿ ಹುಟ್ಟಿದ ಸಿಂಬಲಿಸ್ಟ್ ಕಲಾವಿದ. ಕಂಡದ್ದನ್ನು ಕಂಡಂತೆ ಬರೆಯುವುದಕ್ಕಿಂತ ಕನಸು, ಭಯ, ಭಕ್ತಿಗಳನ್ನು ಸೂಚಿಸುವುದು ದೊಡ್ಡದು ಎಂದುಕೊಂಡ ಪಂಗಡ ಅದು. ಬಣ್ಣಕ್ಕೆ ಹೊರಳುವ ಮುಂಚೆ ಅವನು ವರ್ಷಗಟ್ಟಲೆ ಇದ್ದಿಲು ಮತ್ತು ಕಲ್ಲಚ್ಚಿನಲ್ಲೇ ದುಡಿದ. 1899ರಲ್ಲಿ ಪ್ಯಾರಿಸಿನ ಕಲಾವ್ಯಾಪಾರಿ ಆಂಬ್ರುವಾಜ್ ವೊಲಾರ್ ಅವನ ‘ಸಂತ ಯೋಹಾನನ ಪ್ರಕಟನೆ’ ಸಂಪುಟವನ್ನು ಹೊರತಂದ. ಹನ್ನೆರಡು ಚಿತ್ರ, ಮೇಲೊಂದು ರಕ್ಷಾಪುಟದ ಚಿತ್ರ. ಅಚ್ಚಾದದ್ದು 100 ಪ್ರತಿ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಸಾಲುಗಳೇ ಚಿತ್ರಗಳ ಶೀರ್ಷಿಕೆ. ದೇವದೂತನ ಹೆಸರೆತ್ತುವ ಶೀರ್ಷಿಕೆಗಳು ಅದರಲ್ಲಿ ಮೂರು: ಧೂಪಾರತಿಯನ್ನು ತೆಗೆದುಕೊಂಡ ದೂತ (4ನೆಯ ಚಿತ್ರ), ಹರಿತವಾದ ಕುಡುಗೋಲು ಹಿಡಿದು ಗುಡಿಯಿಂದ ಹೊರಬಂದ ದೂತ (7ನೆಯದು), ಪಾತಾಳದ ಬೀಗದ ಕೈಯನ್ನೂ ದೊಡ್ಡ ಸರಪಳಿಯನ್ನೂ ಹಿಡಿದು ಇಳಿದುಬಂದ ದೂತ (8ನೆಯದು). ಮಾರುವವರು ಇವನ್ನು ಒಂದಕ್ಕೊಂದು ಅದಲುಬದಲು ಮಾಡುತ್ತಾರೆ. 1886ರ ‘ರಾತ್ರಿ’ ಸಂಪುಟದಲ್ಲಿ ಕಪ್ಪು ರೆಕ್ಕೆ ಬಿಚ್ಚುವ ಇನ್ನೊಬ್ಬ ದೂತನಿದ್ದಾನೆ. ಅವನು ಬೈಬಲಿನ ಸಾಲಿನಿಂದ ಬಂದವನಲ್ಲ, ಆದರೂ ಅವನನ್ನೂ ಇದೇ ಗುಂಪಿಗೆ ಸೇರಿಸಿ ಮಾರುವುದುಂಟು. ಗೊಂದಲ ತಪ್ಪಿಸಲು ಆಂದ್ರೆ ಮೆಲ್ಲೆರಿಯೋ 1913ರಲ್ಲಿ ಮಾಡಿದ ಪಟ್ಟಿಯ ಸಂಖ್ಯೆ ನೋಡಿ. ಈ ಸಂಪುಟದ ಹನ್ನೆರಡು ಚಿತ್ರಗಳಿಗೆ ಅಲ್ಲಿ 174ರಿಂದ 185ರವರೆಗಿನ ಸಂಖ್ಯೆ. ಮೂವರು ದೂತರದ್ದು ಕ್ರಮವಾಗಿ 177, 180, 181.

ಕಲ್ಲಚ್ಚು ಎಂದರೆ ಲಿಥೋಗ್ರಫಿ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ, ಎಣ್ಣೆಶಾಯಿ ಉರುಳಿಸುತ್ತಾರೆ. ಶಾಯಿ ಜಿಡ್ಡಿಗೆ ಅಂಟುತ್ತದೆ, ನೀರಿದ್ದಲ್ಲಿ ನಿಲ್ಲುವುದಿಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ ಅಚ್ಚಾದದ್ದೂ ಇದೇ ವಿಧಾನದಲ್ಲಿ, ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ರೆದೋನ್ ಅನೇಕ ಸಲ ನೇರ ಕಲ್ಲಿನ ಮೇಲೆ ಬರೆಯದೆ ಟ್ರಾನ್ಸ್‌ಫರ್ ಕಾಗದದ ಮೇಲೆ ಬರೆದು ಅದನ್ನು ಕಲ್ಲಿಗೆ ಇಳಿಸುತ್ತಿದ್ದ. ಆ ದಾರಿ ತೋರಿಸಿದವನು ಚಿತ್ರಕಾರ ಫಾಂತಾಂ-ಲಾತೂರ್. ಹೀಗೆ ತಯಾರಾದ ಕಲ್ಲಿನಿಂದ ತೆಳುವಾದ ‘ಶೀನ್’ ಕಾಗದದ ಮೇಲೆ ಚಿತ್ರ ಅಚ್ಚಾಗುತ್ತದೆ, ಅದೇ ಒತ್ತಿನಲ್ಲಿ ಆ ತೆಳುಕಾಗದ ಕೆಳಗಿನ ದಪ್ಪ ಹಾಳೆಗೆ ಅಂಟಿಕೊಳ್ಳುತ್ತದೆ. ಈ ಎರಡು ಕಾಗದದ ವಿಷಯ ನೆನಪಿರಲಿ, 4ನೆಯ ಹಂತದಲ್ಲಿ ಬೇಕಾಗುತ್ತದೆ.

ಬೇಕಾಗುವ ಸಾಮಾನು: ಮ್ಯೂಸಿಯಂ ಫೈಲ್, ಬಣ್ಣದ ಪ್ರೊಫೈಲ್ (ಫೈಲಿನ ಬಣ್ಣಗಳನ್ನು ಹೇಗೆ ಓದಬೇಕೆಂದು ಹೇಳುವ ಮಾಹಿತಿ) ಅರ್ಥಮಾಡಿಕೊಳ್ಳುವ ಯಾವುದಾದರೂ ಇಮೇಜ್ ಎಡಿಟರ್ (ಉಚಿತವಾದ ಗಿಂಪ್ ಸಾಕು), ಎ3 ಅಳತೆಯ ಹತ್ತಿ ಕಾಗದ, ಪಿಗ್ಮೆಂಟ್ ಇಂಕಿನ ಪ್ರಿಂಟರ್ ಇರುವ ಅಂಗಡಿ, ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಕಿಟಕಿಯಂತೆ ಕತ್ತರಿಸಿ ಚಿತ್ರದ ಸುತ್ತ ಕೂರಿಸುವ ರಟ್ಟು), 16×20 ಇಂಚಿನ ಫ್ರೇಮ್, ಮತ್ತು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ.

1. ಮಾರಾಟಕ್ಕಿರುವುದು ಏನೆಂದು ಗುರುತಿಸಿ

ಭೂತಗನ್ನಡಿ ಇಟ್ಟು ಬೂದುಬಣ್ಣದ ಜಾಗ ನೋಡಿ. ಅಸಲಿ ಕಲ್ಲಚ್ಚಿನಲ್ಲಿ ಕಾಣುವುದು ಕಡ್ಡಿಯ ತರಿ: ಒಂದರಂತೆ ಒಂದಿಲ್ಲದ ಕಪ್ಪು ಕಣ, ನಡುನಡುವೆ ಬರಿ ಕಾಗದ. ಸಾಲುಸಾಲಾಗಿ ಅಥವಾ ಹೂವಿನಂತೆ ಜೋಡಿಸಿಟ್ಟ ಚುಕ್ಕೆ ಕಂಡರೆ ಅದು ಆಫ್‌ಸೆಟ್. ಎರಚಿದಂಥ ಅತಿ ಸಣ್ಣ ಬಣ್ಣಬಣ್ಣದ ಚುಕ್ಕೆ ಕಂಡರೆ ಇಂಕ್‌ಜೆಟ್. ಇದನ್ನೇ ‘ಜಿಕ್ಲೇ’ ಎಂಬ ದೊಡ್ಡ ಹೆಸರಿನಲ್ಲಿ ಮಾರುವುದು. ಕಾಲೊಟೈಪ್ ಎಂಬ ಹಳೆಯ ವಿಧಾನವೊಂದಿದೆ, ಅದರಲ್ಲಿ ಚುಕ್ಕೆ ಇರುವುದಿಲ್ಲ, ಹುಳು ಹರಿದಾಡಿದಂಥ ಸುಕ್ಕುಗೆರೆ ಇರುತ್ತದೆ. ಹಳೆಯ ಪುಸ್ತಕಗಳಿಂದ ಕಿತ್ತ ಇಂಥ ಹಾಳೆಗಳಿಗೆ ಕಟ್ಟು ಹಾಕಿ ಅಸಲಿ ಎಂದು ಮಾರಿದರೆ ಅನುಭವಿಗಳೂ ಒಂದು ಕ್ಷಣ ಮೋಸಹೋಗುತ್ತಾರೆ.

ಎರಡು ಮಾತುಗಳ ಬಗ್ಗೆ ಎಚ್ಚರ. ‘ಆಫ್‌ಸೆಟ್ ಲಿಥೋಗ್ರಾಫ್’ ಎಂದರೆ ಕ್ಯಾಲೆಂಡರ್ ಅಚ್ಚಾಗುವ ಯಂತ್ರದಲ್ಲಿ ಬಂದದ್ದು, ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ‘ಲಿಮಿಟೆಡ್ ಎಡಿಷನ್ 45/500’ ಎಂದು ಪೆನ್ಸಿಲಿನಲ್ಲಿ ಬರೆದಿದ್ದರೆ ಆ ಎಣಿಕೆ ಮರುಮುದ್ರಿಸಿದವರದ್ದು. ರೆದೋನನ ಸಂಪುಟ ಬಂದದ್ದೇ 100.

ಅಸಲಿಯನ್ನೇ ಹರಾಜಿನಲ್ಲಿ ಕೊಳ್ಳುವ ಯೋಚನೆ ಇದ್ದರೆ, ಹಾಳೆಯ ಪೂರ್ತಿ ಫೋಟೊ (ಹಿಂಬದಿಯದೂ ಸೇರಿ) ಕೇಳಿ ತರಿಸಿಕೊಳ್ಳಿ. ಅಂಚು ಕತ್ತರಿಸಿದ್ದಾರೆಯೇ, ತೆಳುಕಾಗದ ಮೂಲೆಯಲ್ಲಿ ಎದ್ದಿದೆಯೇ, ಹಳೆಯ ಮೌಂಟಿನ ಕಿಟಕಿಯ ಗುರುತು ಕಂದಾಗಿ ಉಳಿದಿದೆಯೇ ಎಂದು ನೋಡಿ. ಬೆಲೆ ಇಳಿಸುವುದು ಇಂಥವೇ. ಕೆಳಗಿನ ಹಂತಗಳೆಲ್ಲ ಮರುಮುದ್ರಣ ಮಾಡಿಸುವವರಿಗೆ.

2. ಫೈಲ್ ಎಲ್ಲಿಂದ?

ಭಾರತದ ಕಾನೂನಿನಲ್ಲಿ ಕಲಾವಿದ ತೀರಿದ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ರೆದೋನ್ 1916ರಲ್ಲಿ ತೀರಿಕೊಂಡ, ಹಾಗಾಗಿ ಚಿತ್ರ ಎಲ್ಲರದ್ದು. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಮತ್ತು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ತಮ್ಮಲ್ಲಿರುವ ಇಂಥ ಹಳೆಯ ಕೃತಿಗಳ ಫೋಟೊಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿವೆ. ಎಲ್ಲ ಮ್ಯೂಸಿಯಂಗಳೂ ಹಾಗಲ್ಲ. ಡೌನ್‌ಲೋಡ್ ಗುಂಡಿಯ ಪಕ್ಕದಲ್ಲಿ ‘ಪಬ್ಲಿಕ್ ಡೊಮೇನ್’ ಅಥವಾ ‘ಸಿಸಿ0’ ಎಂದು ಬರೆದಿದೆಯೇ ನೋಡಿಕೊಳ್ಳಿ.

ಇಮೇಜ್ ಸರ್ಚಿನಲ್ಲಿ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಡಿ. ಅಲ್ಲಿನ ಬಹುಪಾಲು ಪ್ರತಿಗಳಲ್ಲಿ ಯಾರೋ ಕಾಂಟ್ರಾಸ್ಟ್ ಏರಿಸಿ ಕಾಗದದ ಬಣ್ಣ ತೊಳೆದು ಬಿಳಿ ಮಾಡಿರುತ್ತಾರೆ. ಪರೀಕ್ಷೆ ಸುಲಭ: ಎಡಿಟರಿನಲ್ಲಿ ತೆರೆದು ಕಾಗದದ ತಿಳಿಯಾದ ಜಾಗದ ಮೇಲೆ ಐಡ್ರಾಪರ್ (ಬಣ್ಣದ ಅಂಕಿ ತೋರಿಸುವ ಸಾಧನ) ಇಡಿ. 255, 255, 255, ಅಂದರೆ ಅಚ್ಚಬಿಳಿ, ಎಂದು ಬಂದರೆ ಆ ಫೈಲ್ ಬಿಟ್ಟುಬಿಡಿ. ಶೀನ್ ಕಾಗದ ಎಂದೂ ಅಷ್ಟು ಬಿಳಿ ಇರುವುದಿಲ್ಲ.

3. ಅಳತೆ

ಈ ಮೂರೂ ಚಿತ್ರಗಳ ಎತ್ತರ ಸುಮಾರು 30 ಸೆಂ.ಮೀ., ಅಗಲ 21ರಿಂದ 23 ಸೆಂ.ಮೀ. ನಮ್ಮ ಸಲಹೆ: ಮೂಲದ ಅಳತೆಯಲ್ಲೇ ಮಾಡಿಸಿ. ಲೆಕ್ಕ ಹೀಗೆ: ಫೈಲಿನ ಎತ್ತರ 3000 ಪಿಕ್ಸೆಲ್ ಇದ್ದರೆ, 30 ಸೆಂ.ಮೀ. ಅಂದರೆ 11.8 ಇಂಚಿಗೆ ಭಾಗಿಸಿದಾಗ ಇಂಚಿಗೆ 254 ಪಿಕ್ಸೆಲ್. ಹತ್ತಿ ಕಾಗದಕ್ಕೆ ಇಷ್ಟು ಧಾರಾಳ. ಅದೇ ಫೈಲನ್ನು 60 ಸೆಂ.ಮೀ.ಗೆ ಹಿಗ್ಗಿಸಿದರೆ 127ಕ್ಕೆ ಇಳಿಯುತ್ತದೆ, ತರಿ ಕರಗಿ ಮಂಜಾಗುತ್ತದೆ. ಇಂಚಿಗೆ 200ರ ಕೆಳಗೆ ಹೋಗಬೇಡಿ.

“ಎಐ ಹಾಕಿ ದೊಡ್ಡದು ಮಾಡಿಕೊಡುತ್ತೇವೆ ಸಾರ್” ಎಂಬ ಮಾತಿಗೆ ಮರುಳಾಗಬೇಡಿ. ಆ ತಂತ್ರಾಂಶ ಕಡ್ಡಿಯ ತರಿಯನ್ನು ಕೊಳೆ ಎಂದು ತಿಳಿದು ನಯಗೊಳಿಸುತ್ತದೆ, ಇಲ್ಲವೇ ಎಲ್ಲೂ ಇಲ್ಲದ ಹೊಸ ತರಿ ಹುಟ್ಟಿಸುತ್ತದೆ. ಮುಖದ ಜಾಗದಲ್ಲಿ ರೆದೋನ್ ಬರೆಯದ ಕಣ್ಣುರೆಪ್ಪೆ ಬಂದು ಕೂರುತ್ತದೆ.

4. ಫೈಲ್ ಸಿದ್ಧಮಾಡುವುದು

ಇಲ್ಲಿ ಸಮಯ ಕೊಡಿ.

ಕತ್ತರಿಸುವುದು ಮೊದಲು. ಮ್ಯೂಸಿಯಂ ಫೋಟೊ ಗಮನವಿಟ್ಟು ನೋಡಿದರೆ ಎರಡು ಕಾಗದ ಕಾಣುತ್ತವೆ: ಚಿತ್ರವಿರುವ, ತುಸು ಬೂದು-ಕೆನೆಬಣ್ಣದ ಶೀನ್ ಆಯತ, ಅದರ ಸುತ್ತ ದಪ್ಪ ಹಾಳೆಯ ತಿಳಿ ಅಂಚು. ಸರಿಯಾಗಿ ಶೀನ್ ಕಾಗದದ ಅಂಚಿಗೇ ಕ್ರಾಪ್ ಮಾಡಿ. ಆಗ ಪ್ರಿಂಟಿನಲ್ಲಿ ಶೀನಿನ ಬಣ್ಣವನ್ನು ಇಂಕ್ ಕೊಡುತ್ತದೆ, ಸುತ್ತಲಿನ ದಪ್ಪ ಹಾಳೆಯ ಪಾತ್ರವನ್ನು ನಿಮ್ಮ ಹತ್ತಿ ಕಾಗದವೇ ವಹಿಸುತ್ತದೆ. ಇದು ತಿಳಿಯದೆ ಅರ್ಧ ಅಂಚು ಸೇರಿಸಿ ಕತ್ತರಿಸಿದರೆ ಚಿತ್ರದ ಸುತ್ತ ಮೂರು ಬಗೆಯ ಬಿಳಿ ಬಂದು ಫೋಟೊಕಾಪಿಯಂತೆ ಕಾಣುತ್ತದೆ. ಆಯತ ಕೊಂಚ ಓರೆಯಾಗಿದ್ದರೆ ಅರ್ಧ ಡಿಗ್ರಿಯಷ್ಟು ತಿರುಗಿಸಿ ನೇರ ಮಾಡಿ. ಹಾಳೆಯ ಮೇಲಿನ ಸಣ್ಣ ಕಂದು ಚುಕ್ಕೆಗಳನ್ನು ಬೇಕಿದ್ದರೆ ಅಳಿಸಿ. ಚಿತ್ರದೊಳಗಿನ ಚುಕ್ಕೆ ಮುಟ್ಟಬೇಡಿ, ಅದು ಕಲೆಯೋ ಕಡ್ಡಿಯೋ ಪರದೆಯ ಮೇಲೆ ಹೇಳುವುದು ಕಷ್ಟ.

ಗ್ರೇಸ್ಕೇಲ್ ಮಾಡಬೇಡಿ. ಕಪ್ಪು-ಬಿಳುಪು ಚಿತ್ರವಲ್ಲವೇ ಎಂದು ಬಹಳ ಜನ ಮಾಡುವ ಕೆಲಸ ಅದು. ಬಣ್ಣ ತೆಗೆದ ಕೂಡಲೇ ಕಾಗದದ ಬೆಚ್ಚನೆಯ ಕೆನೆ ಹೋಗಿ ಸಿಮೆಂಟಿನ ಬೂದು ಉಳಿಯುತ್ತದೆ. ಅದೇ ಕಾರಣಕ್ಕೆ ಪ್ರಿಂಟರಿನ ‘ಬ್ಲ್ಯಾಕ್ ಅಂಡ್ ವೈಟ್’ ಮೋಡ್ ಕೂಡ ಬೇಡ.

ಆಮೇಲೆ ಕಪ್ಪು. ಪರದೆ ತೋರಿಸುವಷ್ಟು ಆಳದ ಕಪ್ಪನ್ನು ಮ್ಯಾಟ್ ಕಾಗದ ಕೊಡಲಾರದು. ಕಪ್ಪಿನ ಗಾಢತೆಯನ್ನು ಡೆನ್ಸಿಟಿ ಎಂದು ಅಳೆಯುತ್ತಾರೆ. ಒಳ್ಳೆಯ ಮ್ಯಾಟ್ ಕಾಗದದಲ್ಲಿ ಅದು 1.6–1.7ರ ಆಸುಪಾಸು, ಹೊಳಪಿನ ಕಾಗದದಲ್ಲಿ 2.2ಕ್ಕೂ ಮೇಲೆ. ಹಾಗೆಂದು ಹೊಳಪಿನ ಕಾಗದಕ್ಕೆ ಹೋಗಬೇಡಿ, ಕಲ್ಲಚ್ಚಿನ ಕಪ್ಪಿಗೆ ಮಸಿಯ ಮೃದುತನ ಇರುತ್ತದೆ, ಮಿರುಗು ಇರುವುದಿಲ್ಲ. ಬದಲಿಗೆ ಎಡಿಟರಿನಲ್ಲಿ ಕರ್ವ್ಸ್ (ತಿಳಿ-ಗಾಢ ಹೊಂದಿಸುವ ಸಾಧನ) ತೆರೆದು ಕೆಳಗಿನ ಕಾಲು ಭಾಗವನ್ನು, ಅಂದರೆ ಗಾಢ ನೆರಳನ್ನು, ಒಂದಿಷ್ಟು ಮೇಲೆತ್ತಿ. 0–255ರ ಅಳತೆಯಲ್ಲಿ 25ರಲ್ಲಿದ್ದದ್ದು 32ರ ಸುಮಾರಿಗೆ ಬಂದರೆ ಸಾಕು. ಹೀಗೆ ಮಾಡದಿದ್ದರೆ ರೆಕ್ಕೆಯ ಮಡಿಕೆ, ಉಡುಪಿನ ನೆರಳು ಎಲ್ಲ ಒಂದೇ ಕಪ್ಪು ಹಲಗೆಯಾಗುತ್ತದೆ. ಅತಿಯಾಗಿ ಎತ್ತಿದರೆ ಪೆನ್ಸಿಲ್ ಚಿತ್ರದಂತೆ ಬಿಳಿಚಿಕೊಳ್ಳುತ್ತದೆ.

ಶಾರ್ಪನಿಂಗ್ ಮುಟ್ಟದಿದ್ದರೆ ಒಳ್ಳೆಯದು. ತರಿಯ ಸುತ್ತ ಬಿಳಿ ಪರಿವೇಷ ಬಂದರೆ ತೆಗೆಯಲಾಗುವುದಿಲ್ಲ.

ಟಿಫ್ ಆಗಿ ಉಳಿಸಿ, ಫೈಲಿನೊಂದಿಗೆ ಬಂದ ಬಣ್ಣದ ಪ್ರೊಫೈಲನ್ನು (ಎಸ್‌ಆರ್‌ಜಿಬಿ ಅಥವಾ ಅಡೋಬಿ ಆರ್‌ಜಿಬಿ) ಕಿತ್ತುಹಾಕದೆ ಜೊತೆಗೇ ಇಡಿ. ಅಂಗಡಿಯವರು “ಸಿಎಂವೈಕೆ (ಪ್ರೆಸ್ಸಿನ ನಾಲ್ಕು ಶಾಯಿಯ ಲೆಕ್ಕ) ಮಾಡಿ ತನ್ನಿ” ಎಂದರೆ ಅವರ ಬಳಿ ಇರುವುದು ನಿಮಗೆ ಬೇಕಾದ ಯಂತ್ರವಲ್ಲ ಎಂದೇ ತಿಳಿಯಿರಿ.

5. ಕಾಗದ ಮತ್ತು ಅಂಗಡಿ

ಹೆಚ್ಚಿನವರು ಬೀಳುವ ಹಳ್ಳ ಇಲ್ಲಿದೆ. ನಮ್ಮ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ‘ಆರ್ಟ್ ಪೇಪರ್’ ಎಂದರೆ ಮದುವೆ ಕಾರ್ಡು, ಬ್ರೋಷರುಗಳಿಗೆ ಬಳಸುವ, ಜೇಡಿ ಲೇಪಿಸಿದ ನುಣುಪು ಕಾಗದ. “300 ಜಿಎಸ್‌ಎಂ ಆರ್ಟ್ ಪೇಪರಿನಲ್ಲಿ ಹಾಕಿ” ಎಂದು ಹೇಳಿದರೆ ಅವರು ಅದರ ಮೇಲೆ ಲೇಸರ್ ಯಂತ್ರದ ಟೋನರ್ ಹಚ್ಚಿ ಕೊಡುತ್ತಾರೆ, ಮೇಲೆ ಮ್ಯಾಟ್ ಲ್ಯಾಮಿನೇಶನ್ ಬೇಕಾ ಎಂದೂ ಕೇಳುತ್ತಾರೆ. ಅವರ ತಪ್ಪಲ್ಲ, ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ. ನೀವು ಕೇಳಬೇಕಾದದ್ದು ಹೀಗೆ: “ಕಾಟನ್ ರ್‍ಯಾಗ್, ಮ್ಯಾಟ್, 300 ಜಿಎಸ್‌ಎಂ ಆಸುಪಾಸು, ನ್ಯಾಚುರಲ್ ವೈಟ್, ಪಿಗ್ಮೆಂಟ್ ಇಂಕ್.” ಕಾಟನ್ ರ್‍ಯಾಗ್ ಎಂದರೆ ಮರದ ತಿರುಳಿಲ್ಲದ, ಹತ್ತಿಯಿಂದ ಮಾಡಿದ ಕಾಗದ. ಫೋಟೊಗ್ರಾಫರುಗಳಿಗೆ ಪ್ರದರ್ಶನದ ಪ್ರಿಂಟ್ ಮಾಡಿಕೊಡುವ ಸ್ಟುಡಿಯೊಗಳಲ್ಲಿ ಇದು ಸಿಗುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವುದಿಲ್ಲ. ಕ್ಯಾನ್ವಾಸ್ ಮಾತೇ ಬೇಡ, ನೇಯ್ಗೆ ತರಿಯನ್ನು ನುಂಗಿಬಿಡುತ್ತದೆ.

‘ನ್ಯಾಚುರಲ್ ವೈಟ್’ ಏಕೆ ಎಂದರೆ, ‘ಬ್ರೈಟ್ ವೈಟ್’ ಕಾಗದದಲ್ಲಿ ಬಟ್ಟೆಗೆ ನೀಲಿ ಹಾಕಿದಂತೆ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಕೆನೆಬಣ್ಣದ ಆಯತದ ಸುತ್ತ ಆ ನೀಲಿಬಿಳಿ ಎದ್ದು ಹೊಡೆಯುತ್ತದೆ. ಕೆಲವು ವರ್ಷಗಳಲ್ಲಿ ಆ ರಾಸಾಯನಿಕ ಸತ್ತು ಕಾಗದ ಹಳದಿಗೆ ತಿರುಗುವುದೂ ಉಂಟು.

ಅಂಗಡಿಯವರನ್ನು ತಪ್ಪದೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಪ್ರಿಂಟರಿನಲ್ಲಿ ಈಗ ಇರುವುದು ಮ್ಯಾಟ್ ಬ್ಲ್ಯಾಕೋ (ಮ್ಯಾಟ್ ಕಾಗದದ ಕಪ್ಪು ಇಂಕ್) ಫೋಟೊ ಬ್ಲ್ಯಾಕೋ (ಹೊಳಪಿನ ಕಾಗದದ್ದು)? ಎಷ್ಟೋ ಯಂತ್ರಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಿಸಲು ಸ್ವಲ್ಪ ಇಂಕ್ ಪೋಲಾಗುತ್ತದೆ, ಹಾಗಾಗಿ ಬದಲಿಸದೆ ಹಾಗೇ ಹೊಡೆಯುವವರಿದ್ದಾರೆ. ಹತ್ತಿ ಕಾಗದದ ಮೇಲೆ ಫೋಟೊ ಬ್ಲ್ಯಾಕ್ ಬಿದ್ದರೆ ಕಪ್ಪು ಕಪ್ಪಾಗುವುದೇ ಇಲ್ಲ, ಹಳೆಯ ಸ್ಲೇಟಿನ ಬಣ್ಣ ಬರುತ್ತದೆ. ಹಾಗೆಯೇ ಆ ಕಾಗದಕ್ಕೇ ಮಾಡಿದ ಐಸಿಸಿ ಪ್ರೊಫೈಲ್, ಅಂದರೆ ಯಾವ ಕಾಗದಕ್ಕೆ ಎಷ್ಟು ಇಂಕ್ ಎಂದು ಹೇಳುವ ಸಣ್ಣ ಫೈಲ್, ಹಾಕಿದ್ದಾರೆಯೇ ಕೇಳಿ. ರೆಂಡರಿಂಗ್ ‘ರಿಲೇಟಿವ್ ಕಲರಿಮೆಟ್ರಿಕ್’, ಜೊತೆಗೆ ‘ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್’ ಆನ್ ಇರಲಿ.

6. ಪಟ್ಟಿ ತೆಗೆಸಿ ನೋಡಿ

ಪೂರ್ತಿ ಪ್ರಿಂಟಿಗೆ ಮುಂಚೆ ಚಿತ್ರದ ಅತಿ ಕಪ್ಪು ಭಾಗ ಮತ್ತು ಮುಖ ಎರಡೂ ಬರುವಂತೆ ಐದು ಸೆಂ.ಮೀ. ಅಗಲದ ಪಟ್ಟಿ ಮಾಡಿ, ನೆರಳು ಎತ್ತದ್ದು, ಸ್ವಲ್ಪ ಎತ್ತಿದ್ದು, ಇನ್ನೂ ಸ್ವಲ್ಪ ಎತ್ತಿದ್ದು ಹೀಗೆ ಮೂರನ್ನು ಒಂದೇ ಹಾಳೆಯಲ್ಲಿ ಹೊಡೆಸಿ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನ ಬೇಡ. ಮನೆಗೆ ತಂದು, ಒಣಗಲು ಬಿಟ್ಟು, ತೂಗುಹಾಕುವ ಗೋಡೆಯ ಮೇಲೆ ಹಿಡಿದು ಹಗಲಲ್ಲೂ ರಾತ್ರಿಯ ದೀಪದಲ್ಲೂ ನೋಡಿ. ಹಳದಿ ಎಲ್‌ಇಡಿಯಲ್ಲಿ ಕೆನೆಬಣ್ಣ ಇನ್ನಷ್ಟು ಹಳದಿಯಾಗುತ್ತದೆ.

ಪೂರ್ತಿ ಪ್ರಿಂಟಿಗೆ ಎ3 ಹಾಳೆ (29.7×42 ಸೆಂ.ಮೀ.) ನಿಲುವಾಗಿ. 23×30ರ ಚಿತ್ರಕ್ಕೆ ಎಡಬಲ 3.35, ಮೇಲೆ 5.5, ಕೆಳಗೆ 6.5 ಸೆಂ.ಮೀ. ಅಂಚು ಉಳಿಯುತ್ತದೆ. ಚಿತ್ರ ಇದಕ್ಕಿಂತ ಕಿರಿದಾಗಿದ್ದರೆ ಎಡಬಲದ ಅಂಚಷ್ಟೇ ಬದಲಾಗುತ್ತದೆ. ಹೊಡೆಯುವ ಮುನ್ನ ಹಾಳೆಯನ್ನು ಮೃದು ಬ್ರಷ್ಷಿನಿಂದ ಒರೆಸಲು ಹೇಳಿ. ಹತ್ತಿಯ ಎಳೆ ಮೇಲೆ ಕೂತಿದ್ದು ಆಮೇಲೆ ಉದುರಿದರೆ ಕಪ್ಪಿನ ನಡುವೆ ಬಿಳಿ ಚುಕ್ಕೆ ಉಳಿಯುತ್ತದೆ. ಬಂದ ಪ್ರಿಂಟನ್ನು ಸುರುಳಿ ಸುತ್ತಿಸಬೇಡಿ. ಮೇಲೊಂದು ಬಟರ್ ಪೇಪರ್ ಇಟ್ಟು ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ತನ್ನಿ. ಮ್ಯಾಟ್ ಕಪ್ಪಿನ ಮೇಲೆ ಉಗುರು ತಾಗಿದರೂ ಮಿರುಗುವ ಗೀರು ಬೀಳುತ್ತದೆ. ಕಟ್ಟು ಹಾಕಿಸುವ ಮುಂಚೆ ಕನಿಷ್ಠ ಒಂದು ಇಡೀ ದಿನ ಒಣಗಲಿ, ಇಲ್ಲವಾದರೆ ಇಂಕಿನಿಂದ ಹೊರಡುವ ಆವಿ ಗಾಜಿನ ಒಳಬದಿಗೆ ಮಂಜಾಗಿ ಕೂರುತ್ತದೆ.

7. ಕಟ್ಟು

ಮೌಂಟ್ ಬೋರ್ಡಿನ ಕಿಟಕಿ 26×33.5 ಸೆಂ.ಮೀ. ಇರಲಿ. ಆಗ ಚಿತ್ರದ ಸುತ್ತ 1.5 ಸೆಂ.ಮೀ., ಕೆಳಗೆ 2 ಸೆಂ.ಮೀ. ಕಾಗದ ಕಾಣುತ್ತದೆ, ಶೀನ್ ಕಾಗದದ ಅಂಚಿನ ಅಂದ ಉಳಿಯುತ್ತದೆ. 16×20 ಇಂಚಿನ (40.6×50.8 ಸೆಂ.ಮೀ.) ಫ್ರೇಮಿನಲ್ಲಿ ಬೋರ್ಡಿನ ಅಗಲ ಎಡಬಲ 7.3, ಮೇಲೆ 8, ಕೆಳಗೆ 9.3 ಬರುತ್ತದೆ. ಬೋರ್ಡಿನ ಬಣ್ಣ ತಿಳಿ ಕೆನೆ. ಕಪ್ಪು ಬೋರ್ಡ್ ಹಾಕಿದರೆ ಚಿತ್ರದ ಕಪ್ಪು ಸೋತು ಬೂದಾಗಿ ಕಾಣುತ್ತದೆ.

ಫ್ರೇಮ್ ಅಂಗಡಿಯಲ್ಲಿ ಪ್ರಿಂಟ್ ಕೊಟ್ಟು ಬಂದುಬಿಡಬೇಡಿ. ದೇವರ ಫೋಟೊಗೆ ಮಾಡುವ ಹಾಗೆ ಹಾರ್ಡ್‌ಬೋರ್ಡಿಗೆ ಫೆವಿಕಾಲ್ ಬಳಿದು ಅಂಟಿಸಿಬಿಟ್ಟರೆ ಮತ್ತೆ ಬಿಡಿಸಲಾಗದು, ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ಬೈಂಡಿಂಗಿನವರ ಮೈದಾ ಅಂಟೂ ಬೇಡ: ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸಿರುತ್ತಾರೆ, ಅದರ ತಾಮ್ರ ಕಾಗದವನ್ನು ಕ್ರಮೇಣ ಪುಡಿಗಟ್ಟುತ್ತದೆ. ಸೆಲೊಟೇಪ್ ಅಂತೂ ಕೆಲವೇ ವರ್ಷಗಳಲ್ಲಿ ಎಣ್ಣೆಕಲೆ ಬಿಡುತ್ತದೆ. ಎಲ್ಲಕ್ಕಿಂತ ಸುಲಭ, ಆಸಿಡ್ ಇಲ್ಲದ ಕಾಗದದ ಪಟ್ಟಿ ಮಡಿಚಿ ನಾಲ್ಕು ಮೂಲೆಚೀಲ ಮಾಡಿ ಹಿಂದಿನ ಬೋರ್ಡಿಗೆ ಅಂಟಿಸಿ, ಪ್ರಿಂಟಿನ ಮೂಲೆಗಳನ್ನು ಅದರಲ್ಲಿ ಸಿಕ್ಕಿಸುವುದು. ಪ್ರಿಂಟಿಗೆ ಅಂಟು ತಾಗುವುದೇ ಇಲ್ಲ. ಹಾಳೆಯ ಅಂಚು ಕಿಟಕಿಯ ಹಿಂದೆ ಎರಡು ಸೆಂ.ಮೀ.ನಷ್ಟು ಒಳಗಿರುವುದರಿಂದ ಮೂಲೆ ಕಾಣುವುದೂ ಇಲ್ಲ. ಚೀಲ ಬಿಗಿಯಾಗಬಾರದು, ಒಂದು ಮಿಲಿಮೀಟರ್ ಸಡಿಲ ಬಿಡಿ. ತೇವ ಹೆಚ್ಚಿದಾಗ ಹತ್ತಿ ಕಾಗದ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಅಲೆಯಾಗುತ್ತದೆ.

ಗಾಜು: ಕಪ್ಪು ಚಿತ್ರದ ಮುಂದೆ ಸಾದಾ ಗಾಜು ಕನ್ನಡಿಯಂತೆಯೇ, ದೂತನಿಗಿಂತ ಮೊದಲು ನಿಮ್ಮ ಮುಖ ಕಾಣುತ್ತದೆ. ಅಂಗಡಿಯವರು ಕೊಡುವ ‘ನಾನ್ ರಿಫ್ಲೆಕ್ಟಿಂಗ್’ ಗಾಜು ತರಿಯಾಗಿರುತ್ತದೆ. ಮೌಂಟ್ ಬೋರ್ಡಿನ ದಪ್ಪದಷ್ಟು ಅಂತರ ಬಿದ್ದೊಡನೆ ಕಪ್ಪನ್ನು ಮಸುಕು ಮಾಡುತ್ತದೆ. ಲೇಪನವಿರುವ ಮ್ಯೂಸಿಯಂ ಗಾಜು ಒಳ್ಳೆಯದು, ದುಬಾರಿ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ 2 ಮಿ.ಮೀ. ಸಾದಾ ಗಾಜು ಹಾಕಿಸಿ, ಕಿಟಕಿಗೆ ಎದುರಾಗದ ಗೋಡೆ ಆರಿಸಿ.

8. ತೂಗುಹಾಕುವುದು, ಮಳೆಗಾಲ

ಕರಾವಳಿ, ಮಲೆನಾಡಿನವರಿಗೆ ಈ ಹಂತ ಮುಖ್ಯ. ಮಳೆ ಹೊಡೆಯುವ ಹೊರಗೋಡೆಯ ಒಳಬದಿಗೆ ಹಾಕಬೇಡಿ, ಬಚ್ಚಲುಮನೆಯ ಹಂಚಿಕೆ ಗೋಡೆಗೂ ಬೇಡ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ 5 ಮಿ.ಮೀ. ದಪ್ಪದ ರಬ್ಬರ್ ಗುಂಡಿ ಅಂಟಿಸಿದರೆ ಗಾಳಿ ಆಡುತ್ತದೆ. ಆ ಸಂದಿನಲ್ಲಿ ಹಲ್ಲಿ ಮನೆಮಾಡುವುದು ಖಂಡಿತ, ಅದಕ್ಕಾಗಿ ಹಿಂಬದಿಯನ್ನು ಪೇಪರ್ ಟೇಪಿನಿಂದ ನಾಲ್ಕೂ ಕಡೆ ಮುಚ್ಚಿಸಿ. ಹಲ್ಲಿ ಹೊರಗಿರುತ್ತದೆ, ಅದರ ಹಿಕ್ಕೆಯೂ ಹೊರಗೇ ಬೀಳುತ್ತದೆ. ಹುಳುವಿಗೆಂದು ಫ್ರೇಮಿನೊಳಗೆ ನುಸಿಗುಳಿಗೆ ಇಡಬೇಡಿ, ಅದರ ಆವಿ ಗಾಜಿನ ಮೇಲೆ ಹರಳುಗಟ್ಟುತ್ತದೆ.

ಗಾಜು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿ, ಗಾಜಿಗೆ ಸಿಂಪಡಿಸಬೇಡಿ. ಅದು ಕೆಳಗಿನ ಅಂಚಿನಿಂದ ಒಳಗೆ ಇಳಿದು ಮೌಂಟ್ ಬೋರ್ಡಿಗೆ ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಫ್ರೇಮ್ ಇಳಿಸಿ ಹಿಂಬದಿಯ ಟೇಪ್ ನೋಡಿ. ಎದ್ದಿದ್ದರೆ ಒಣಹವೆಯ ದಿನ ಬಿಚ್ಚಿ, ಬೋರ್ಡಿಗೆ ಬೂಷ್ಟು ಹಿಡಿದಿದೆಯೇ ಪರೀಕ್ಷಿಸಿ, ಹಿಡಿದಿದ್ದರೆ ಬೋರ್ಡನ್ನಷ್ಟೇ ಬದಲಿಸಿ. ಮೂಲೆಚೀಲದಲ್ಲಿ ಕೂತ ಪ್ರಿಂಟ್ ಅಂಟು ಬಿಡಿಸುವ ಗೋಜಿಲ್ಲದೆ ಹೊರಬರುತ್ತದೆ.